132 ಸೆಟ್ ಸೇಫ್ಟಿ ಸ್ಟಾಕ್ ಇದ್ದರೂ ಮ್ಯಾಗ್ನೆಟ್ ಖಾಲಿಯಾಗುವುದೇಕೆ?

ಸ್ಟೋರ್ಸ್_ಪೀಣ್ಯ:
ಎಲೆಕ್ಟ್ರಿಕ್ ಸ್ಕೂಟರ್‌ಗೆ ಹಬ್ ಮೋಟಾರ್ (ಚಕ್ರದೊಳಗೇ ಕೂರುವ ಮೋಟಾರ್) ಮಾಡುವ ಸಣ್ಣ ಘಟಕ. ದಿನಕ್ಕೆ ಸರಾಸರಿ 40 ಮೋಟಾರ್, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಆಗುವ ಏರಿಳಿತದ ಅಳತೆ) 10. ಮ್ಯಾಗ್ನೆಟ್ ಚೀನಾದ್ದು, ಗ್ರೇಡ್ ಎನ್42ಎಸ್‌ಎಚ್. ಲೀಡ್ ಟೈಮ್ (ಆರ್ಡರ್ ಹಾಕಿ ಮಾಲು ಬರುವವರೆಗಿನ ಕಾಲ) ಸರಾಸರಿ 64 ದಿನ, ಡೀವಿಯೇಶನ್ 12 ದಿನ. ನೂರರಲ್ಲಿ 95 ಸಲ ಮಾಲು ಖಾಲಿಯಾಗಬಾರದೆಂಬ ಲೆಕ್ಕದಲ್ಲಿ (ಅದರ ಗುಣಕ 1.65) 1.65 × 10 × √64 = 132 ಸೆಟ್ ಸೇಫ್ಟಿ ಸ್ಟಾಕ್, ಅಂದರೆ ಆಪತ್ತಿಗೆಂದು ಹೆಚ್ಚುವರಿ ದಾಸ್ತಾನು, ಇಟ್ಟಿದ್ದೇವೆ (ಒಂದು ಮೋಟಾರಿಗೆ ಒಂದು ಸೆಟ್). ಆದರೂ ಲೈನ್ ನಿಲ್ಲುತ್ತಿದೆ. ಯಾವ ಭಾಗ ಕೈಕೊಡುತ್ತದೆ ಎಂದು ಮೊದಲೇ ಅಳೆಯುವುದು ಹೇಗೆ?

ಪ್ಲಾನಿಂಗ್_ಲೆಕ್ಕ:
ನಿಮ್ಮ ಸೂತ್ರದಲ್ಲಿ ಬಳಕೆಯ ಏರಿಳಿತ ಮಾತ್ರ ಇದೆ, ಸರಕು ತಡವಾಗುವುದರ ಲೆಕ್ಕ ಇಲ್ಲ. ಎರಡನ್ನೂ ಹಾಕಿ: 64 × 10² = 6,400. 40² × 12² = 2,30,400. ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 487, ಅದನ್ನು 1.65ರಿಂದ ಗುಣಿಸಿದರೆ 803 ಸೆಟ್. ಇದರ ಆರನೇ ಒಂದು ಪಾಲು ಮಾತ್ರ ನಿಮ್ಮಲ್ಲಿದೆ. ಲೀಡ್ ಟೈಮನ್ನು ಸಪ್ಲೈಯರ್ ಕೋಟ್‌ನಿಂದ ಎತ್ತಿಕೊಳ್ಳಬೇಡಿ. ಪಿಓ (ಖರೀದಿ ಆದೇಶ) ಹಾಕಿದ ದಿನದಿಂದ ಮಾಲು ಸ್ಟೋರ್ಸಿಗೆ ಬಂದ ದಿನದವರೆಗೆ ಎಣಿಸಿ, ಕಸ್ಟಮ್ಸ್‌ನಲ್ಲಿ ಕೂತ ದಿನಗಳೂ ಸೇರಿ.

ಖರೀದಿ_ಹೊಸೂರು:
803 ಸೆಟ್ ದಿನನಿತ್ಯದ ತಡಕ್ಕೆ ಸಾಕು, ಪೂರೈಕೆಯೇ ನಿಂತರೆ ಸಾಲದು. 2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಹಳೆಯ ಸರಾಸರಿಗಳಿಗೆ ಅರ್ಥವೇ ಉಳಿಯಲಿಲ್ಲ. ಇದಕ್ಕೆ ಬೇರೆ ಲೆಕ್ಕ: ಕೈಯಲ್ಲಿರುವ ಮಾಲು ಎಷ್ಟು ದಿನಕ್ಕೆ? ಬದಲಿ ಮಾಲು ಲೈನಿಗೆ ಬರಲು ಎಷ್ಟು ದಿನ? 1,200 ಸೆಟ್ ಇದ್ದರೆ 30 ದಿನ. ಸ್ಯಾಂಪಲ್, ಪರೀಕ್ಷೆ, ಗ್ರಾಹಕರ ಒಪ್ಪಿಗೆ ಎಲ್ಲ ಸೇರಿ 90 ದಿನ ಬೇಕಾದರೆ ಕೊರತೆ 60 ದಿನ, ಅಂದರೆ 2,400 ಮೋಟಾರ್. ಪ್ರತಿ ಭಾಗಕ್ಕೂ ಹೀಗೆ ತೆಗೆದು, ಬೆಲೆಯ ಮೇಲಲ್ಲ, ಕೊರತೆಯ ದಿನಗಳ ಮೇಲೆ ಪಟ್ಟಿ ಮಾಡಿ. ಅಗ್ಗದ ಹಾಲ್ ಸೆನ್ಸರ್ (ರೋಟರ್ ಎಲ್ಲಿದೆ ಎಂದು ತಿಳಿಸುವ ಬಿಡಿಭಾಗ) ಪಟ್ಟಿಯ ಮೊದಲಿಗೆ ಬಂದರೆ ಆಶ್ಚರ್ಯಪಡಬೇಡಿ.

ಸಮುದ್ರದ ಮೇಲಿರುವ ಮಾಲನ್ನು ದಾಸ್ತಾನಿಗೆ ಸೇರಿಸಬೇಡಿ. ಇಬ್ಬರು ಟ್ರೇಡರ್‌ಗಳಿದ್ದಾರೆಂದು ನಿಶ್ಚಿಂತರಾಗಲೂಬೇಡಿ. ಇಬ್ಬರ ಟೆಸ್ಟ್ ಸರ್ಟಿಫಿಕೇಟ್‌ನಲ್ಲೂ ಒಂದೇ ಫ್ಯಾಕ್ಟರಿಯ ಹೆಸರಿದ್ದರೆ ನಿಮಗಿರುವುದು ಒಬ್ಬನೇ ಸಪ್ಲೈಯರ್.

ರೋಟರ್_ಡಿಸೈನ್:
ಗ್ರೇಡನ್ನೂ ಪ್ರಶ್ನಿಸಿ. ಚೀನಾದ ಆ ಏಳು ಲೋಹಗಳ ಪಟ್ಟಿಯಲ್ಲಿ, ಮ್ಯಾಗ್ನೆಟ್ ಬಿಸಿ ತಡೆಯಲೆಂದು ಬೆರೆಸುವ ಡಿಸ್ಪ್ರೋಸಿಯಂ, ಟರ್ಬಿಯಂ ಇವೆ, ಮ್ಯಾಗ್ನೆಟ್‌ನ ಮುಖ್ಯ ವಿರಳ ಭೂಲೋಹ ನಿಯೋಡಿಮಿಯಂ ಇಲ್ಲ. ಎಸ್‌ಎಚ್ ಸುಮಾರು 150 ಡಿಗ್ರಿಯವರೆಗಿನ ಗ್ರೇಡ್, ಎಚ್ 120ರವರೆಗೆ. ಫುಲ್ ಲೋಡ್‌ನಲ್ಲಿ ಮ್ಯಾಗ್ನೆಟ್ ಬಿಸಿ 100 ದಾಟದಿದ್ದರೆ, ಆ ಎರಡೂ ಲೋಹ ಬೆರೆಸದ ಎಚ್ ಗ್ರೇಡ್ ಕೊಡುತ್ತಾರಾ ಕೇಳಿ. ತಾಪಮಾನ ಒಂದನ್ನೇ ನಂಬಬೇಡಿ: ಆ ಗ್ರೇಡ್ ಹಾಕಿದ ಬಿಸಿ ಮೋಟಾರಿಗೆ ಕಂಟ್ರೋಲರ್‌ನ ಗರಿಷ್ಠ ಕರೆಂಟ್ ಹರಿಸಿ, ಆರಿದ ಮೇಲೆ ಅದೇ ವೇಗದಲ್ಲಿ ಬ್ಯಾಕ್ ಇಎಂಎಫ್ (ತಿರುಗುವಾಗ ಮೋಟಾರ್ ತಾನೇ ಹುಟ್ಟಿಸುವ ವೋಲ್ಟೇಜ್) ಅಳೆದು ಮೊದಲಿನದಕ್ಕೆ ಹೋಲಿಸಿ. ಇಳಿದಿದ್ದರೆ ಮ್ಯಾಗ್ನೆಟ್ ಶಕ್ತಿ ಕಳೆದುಕೊಂಡಿದೆ, ಆ ಗ್ರೇಡ್ ನಿಮಗಾಗದು.