ತೋಟದ ಮನೆಯಲ್ಲಿ ಒಬ್ಬರೇ ಇರುವ ಅಮ್ಮ: ಆರೈಕೆ ಕೇಂದ್ರದ ಹೊತ್ತು ಬಂತಾ?

ತೋಟದಮನೆ:
ಅಮ್ಮನಿಗೆ 79. ಮೂಡಿಗೆರೆಯಿಂದ ಒಳಗೆ ಮನೆ. ಕೆಲಸದವರು ಸಂಜೆ ಐದಕ್ಕೆ ಹೊರಟರೆ ಬೆಳಗಿನವರೆಗೆ ಒಬ್ಬರೇ. ಬಿಪಿ, ಶುಗರ್ ಮಾತ್ರೆ ನಡೀತಿದೆ. ಸ್ನಾನ, ಊಟ ಸ್ವಂತ. ಆದರೆ ಎರಡು ತಿಂಗಳಿಂದ ಮಾತ್ರೆ ತಪ್ಪಿಸ್ತಾರೆ, ಒಲೆ ಮೇಲೆ ಹಾಲಿಟ್ಟು ಮರೀತಾರೆ, ಸಂಜೆಯಾದರೆ ಗಲಿಬಿಲಿ. ತಮ್ಮ ಈಗಲೇ ಆರೈಕೆ ಕೇಂದ್ರಕ್ಕೆ ಸೇರಿಸೋಣ ಅಂತಾನೆ, ಅಕ್ಕ ಗಟ್ಟಿಯಾಗೇ ಇದ್ದಾರಲ್ಲ ಅಂತಾಳೆ. ಏನು ನೋಡಿ ತೀರ್ಮಾನ ಮಾಡಬೇಕು?

ಮಾತ್ರೆಚೀಟಿ:
ಕೇಂದ್ರದ ಮಾತು ಆಮೇಲೆ. ಎರಡೇ ತಿಂಗಳಲ್ಲಿ ಇಷ್ಟು ಮರೆವು ಅಂದರೆ ಸರಿಹೋಗುವ ಕಾರಣ ಇದೆಯಾ ಅಂತ ಮೊದಲು ನೋಡಬೇಕು. ಸೋಡಿಯಂ (ರಕ್ತದ ಉಪ್ಪಿನಂಶ), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಯೋಕೆ), ಥೈರಾಯ್ಡ್, ವಿಟಮಿನ್ ಬಿ12, ಶುಗರ್, ಮೂತ್ರ ಪರೀಕ್ಷೆ ಮಾಡಿಸಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಜ್ವರವಿಲ್ಲದೆ ಬರೀ ಗಲಿಬಿಲಿಯಾಗಿ ಕಾಣಿಸಬಹುದು. ಬಿಪಿಗೆ ಕೊಡುವ ‘ನೀರು ಮಾತ್ರೆ’ (ಮೂತ್ರ ಹೆಚ್ಚಿಸುವ ಮಾತ್ರೆ) ಸೋಡಿಯಂ ಇಳಿಸಬಹುದು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಮ್ಮಿಯಾಗಬಹುದು. ಇನ್ನೊಂದು ಶುಗರ್ ಮಾತ್ರೆ ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಶುಗರ್ ಕುಸಿಯಬಹುದು. ಅದಕ್ಕೇ ಗಲಿಬಿಲಿ ಶುರುವಾದ ಹೊತ್ತಿಗೇ ಗ್ಲುಕೋಮೀಟರಲ್ಲಿ ಶುಗರ್ ನೋಡಿ, 70ಕ್ಕಿಂತ ಕೆಳಗಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ನಿದ್ದೆ ಮಾತ್ರೆ, ಅಂಗಡಿಯಿಂದ ತಂದ ನೆಗಡಿ ಮಾತ್ರೆಯನ್ನೂ ಸೇರಿಸಿ ಇಡೀ ಮಾತ್ರೆ ಚೀಲವನ್ನೇ ಡಾಕ್ಟರ ಮುಂದೆ ಸುರಿಯಿರಿ. ಯಾವುದನ್ನೂ ನೀವೇ ನಿಲ್ಲಿಸಬೇಡಿ.

ಹಾಸನ_ದಾದಿ:
ಮೇಲಿನದು ಸರಿ. ವರದಿ ಎಲ್ಲ ಸರಿ ಬಂದು ಮರೆವು ಹಾಗೇ ಉಳಿದರೆ ಮುಂದಿನ ಲೆಕ್ಕ. ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳೋದು, ಮಲಮೂತ್ರದ ಹಿಡಿತ, ಊಟ, ಈ ಆರನ್ನು ಆಸ್ಪತ್ರೆಯವರು ಎಣಿಸ್ತಾರೆ. ಆದರೆ ಎಲ್ಲಕ್ಕೂ ಒಂದೇ ತೂಕ ಅಲ್ಲ. ಸ್ನಾನಕ್ಕೆ ಹೊತ್ತು ಗೊತ್ತು ಮಾಡಬಹುದು, ಬೆಳಗ್ಗೆ ಒಂದು ಗಂಟೆ ಯಾರಾದರೂ ಬಂದರೆ ಸಾಕು. ರಾತ್ರಿ ಎರಡಕ್ಕೆ ಬಚ್ಚಲಿಗೆ ಹೋಗಬೇಕು ಅನ್ನೋದಕ್ಕೆ ಹೊತ್ತು ಗೊತ್ತು ಮಾಡೋಕಾಗಲ್ಲ. ಏಳೋಕೆ, ಶೌಚಕ್ಕೆ ಕೈ ಬೇಕಾದ ದಿನದಿಂದ ರಾತ್ರಿ ಆಳು ಬೇಕೇ ಬೇಕು. ಒಲೆ ಮರೆಯೋದು, ಹೊತ್ತಲ್ಲದ ಹೊತ್ತಲ್ಲಿ ತೋಟದ ಕಡೆ ಹೊರಟುಬಿಡೋದೂ ಅದೇ ಸಾಲಿಗೆ, ಕಾಲು ಎಷ್ಟೇ ಗಟ್ಟಿಯಿರಲಿ. ನಿಮ್ಮ ಅಕ್ಕ ನೋಡ್ತಿರೋದು ಕಾಲು ಮಾತ್ರ.

ಕಾಲಿನ ಪರೀಕ್ಷೆ ಮನೆಯಲ್ಲೇ ಆಗುತ್ತೆ: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ದಾಟಿದರೆ ಬೀಳುವ ಭಯ ಇದೆ. ಮಲಗಿದ್ದಾಗಿನ ಬಿಪಿಗಿಂತ ನಿಂತು ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳಿ. ‘ಹೇಗಿದ್ದೀರಾ’ ಅಂತ ಫೋನಲ್ಲಿ ಕೇಳಿ ಏನೂ ತಿಳಿಯಲ್ಲ. ಮಾತ್ರೆ ಸ್ಟ್ರಿಪ್ಪಿನಲ್ಲಿ ಉಳಿದದ್ದನ್ನು ಎಣಿಸಿ, ಫ್ರಿಜ್ಜಿನ ಮೂಲೆಯಲ್ಲಿ ಬೂಸ್ಟು ಹಿಡಿದ ಸಾರು ಇದೆಯಾ ನೋಡಿ, ತೂಕ ಹಾಕಿ. ಪ್ರಯತ್ನವಿಲ್ಲದೆ ಆರು ತಿಂಗಳಲ್ಲಿ 50 ಕೆಜಿ 47ಕ್ಕೆ ಬಂದಿದ್ದರೆ ಊಟ ನಡೀತಿಲ್ಲ ಅಥವಾ ಒಳಗೇನೋ ಕಾಯಿಲೆ ಇದೆ.

ಘಟ್ಟದಂಚು:
ನಮ್ಮ ಕಡೆ ಇನ್ನೊಂದು ಲೆಕ್ಕ ಇದೆ, ಮಳೆಗಾಲ. ಏನೇ ತೀರ್ಮಾನವಾದರೂ ಮೇ ಒಳಗೆ ಮುಗಿಸಿ. ಜೂನ್ ಹಿಡಿದರೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬೋಕಾಗಲ್ಲ, ಮರ ಬಿದ್ದರೆ ಆಂಬುಲೆನ್ಸ್ ಬರಲ್ಲ. ಮಂಗಳೂರಿನ ಆಸ್ಪತ್ರೆ ನೆಚ್ಚಿಕೊಂಡವರಿಗೆ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ರಸ್ತೆ ಬಂದ್ ಆಗಿದ್ದು ನೆನಪಿರಬೇಕು.

ಮನೆಯಲ್ಲೇ ಇರಿಸೋದಾದರೆ ರಾತ್ರಿ ಆಳು ಒಬ್ಬರಲ್ಲ, ಇಬ್ಬರನ್ನು ಗೊತ್ತು ಮಾಡಿ. ಒಬ್ಬರೇ ಆದರೆ ಹಬ್ಬಕ್ಕೆ ಊರಿಗೆ ಹೋದ ದಿನವೇ ಎಡವಟ್ಟು. ಬಚ್ಚಲಲ್ಲಿ ಹಿಡಿಕೆಯನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿ, ರಬ್ಬರ್ ಬಟ್ಟಲು ಒತ್ತಿ ಅಂಟಿಸುವ ಹಿಡಿಕೆ ಒದ್ದೆ ಗೋಡೆಯಿಂದ ಕಿತ್ತು ಬರುತ್ತೆ. ಕಮೋಡ್ ಎತ್ತರ 45 ಸೆಂ.ಮೀ. ಆಸುಪಾಸು. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತೆ, ಮಂಚದಿಂದ ಬಚ್ಚಲವರೆಗೆ ಜಾರದ ಮ್ಯಾಟ್ ಹಾಸಿ. ಬಿಡಿ ಚಾಪೆ ಬೇಡ, ಕಾಲಿಗೆ ಸಿಕ್ಕಿಕೊಳ್ಳುತ್ತೆ.

ಕೇಂದ್ರ ನೋಡೋಕೆ ಸಂಜೆ ಏಳರ ಮೇಲೆ ಹೋಗಿ, ಹಗಲು ಎಲ್ಲ ಕಡೆ ಚೆನ್ನಾಗೇ ಕಾಣುತ್ತೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಅವರಲ್ಲಿ ನರ್ಸ್ ಇದ್ದಾರಾ, ಮಾತ್ರೆ ಕೊಟ್ಟದ್ದು ಬರೆದಿಡ್ತಾರಾ ಕೇಳಿ. ಹಾಸಿಗೆ ಹಿಡಿದರೆ ಅಥವಾ ಮರೆವು ಜಾಸ್ತಿಯಾದರೆ ಇಟ್ಟುಕೊಳ್ತೀರಾ ಅನ್ನೋದನ್ನು ಬರಹದಲ್ಲೇ ತಗೊಳ್ಳಿ. ಎಷ್ಟೋ ವೃದ್ಧಾಶ್ರಮಗಳು ಓಡಾಡುವವರನ್ನಷ್ಟೇ ಸೇರಿಸಿಕೊಳ್ತಾವೆ, ಆಮೇಲೆ ಮನೆಗೆ ಕರ್ಕೊಂಡು ಹೋಗಿ ಅಂತಾರೆ. ಠೇವಣಿ ವಾಪಸ್ ಎಷ್ಟು ದಿನಕ್ಕೆ, ಅದೂ ಕಾಗದದಲ್ಲಿ. ಮೊದಲು ಒಂದು ತಿಂಗಳ ಮಟ್ಟಿಗೆ ಸೇರಿಸಿ ನೋಡಿ, ಮನೆಗೆ ಬೀಗ ಹಾಕೋ ಮಾತು ಅಲ್ಲಿವರೆಗೆ ಎತ್ತಬೇಡಿ.

ತೋಟದಮನೆ:
ನೀರು ಮಾತ್ರೆ, ಗ್ಲಿಮೆಪಿರೈಡ್ ಎರಡೂ ಚೀಲದಲ್ಲಿವೆ. ಸೋಮವಾರ ಚಿಕ್ಕಮಗಳೂರಿಗೆ ರಕ್ತ ಪರೀಕ್ಷೆಗೆ. ವರದಿ ಬರೋವರೆಗೆ ರಾತ್ರಿಗೆ ಏನು ಮಾಡೋದು?

ಮಾತ್ರೆಚೀಟಿ:
ನಿಮ್ಮಲ್ಲೊಬ್ಬರು ಬಂದು ಮಲಗಿ. ರಾತ್ರಿ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಮಾತ್ರೆ ನೀವೇ ಕೈಗೆ ಕೊಡಿ. ಬಡಬಡಿಸೋಕೆ ಶುರುಮಾಡಿದರೆ ಅಥವಾ ತೀರಾ ಮಂಪರಾದರೆ ಸೋಮವಾರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.