ಗ್ರೂಪ್‌ನ್ಯಾಗ ಬೈದಾಟ ಹೆಂಗ ತಡೀಬೇಕ್ರಿ?

ತಿಕೋಟಾ ದ್ರಾಕ್ಷಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ದ್ರಾಕ್ಷಿ ಬೆಳೆಯೋರ ವಾಟ್ಸಾಪ್ ಗ್ರೂಪ್, ಆರುನೂರು ಮಂದಿ ಅದೀವಿ, ನಾನೇ ಅಡ್ಮಿನ್. ಅಕ್ಟೋಬರ್ ಚಾಟನಿ (ಬಳ್ಳಿ ಕತ್ತರಸೂದು) ಆದಮ್ಯಾಲ ಎಲಿಗೆ ಬೂಜು ಹಿಡಿಯೋ ದಾವಣಿ ರೋಗ ಬಂದು ಯಾರರ ಎಲಿ ಫೋಟೋ ಹಾಕಿ ಯಾವ ಔಷಧ ಹೊಡೀಲಿ ಅಂತ ಕೇಳಿದ್ರ, ಅದರ ಮ್ಯಾಲ ಐವತ್ತು ಗುಡ್ ಮಾರ್ನಿಂಗ್, ರಾಜಕೀಯದ ವಿಡಿಯೋ ಬಂದು ಪ್ರಶ್ನೆನೇ ಮುಚ್ಚಿಹೋಗ್ತದ. ಮೊನ್ನೆ ಒಬ್ಬ ಹುಡುಗಗ "ಇಷ್ಟೂ ಗೊತ್ತಿಲ್ಲೇನು" ಅಂತ ಹಿರಿಯಾರೊಬ್ರು ಬೈದ್ರು, ಅಂವ ಗ್ರೂಪ್ ಬಿಟ್ಟೇ ಹೋದ, ನನಗ ಭಾಳ ಸಂಕಟಾತು. ಹಿರಿಯಾರಿಗೆ ಹೆಂಗ ಹೇಳೂದ್ರಿ? ಮತ್ತ ಯಾರರ ಕೆಟ್ಟದ್ದು ಹಾಕಿದ್ರ ಕೇಸ್ ನನ್ನ ಮ್ಯಾಲ ಬೀಳ್ತದೇನು?

ಅಥಣಿ ರೈತ:
ಅಣ್ಣಾರ, ಹಿರಿಯಾರಿಗೆ ಗ್ರೂಪ್‌ನ್ಯಾಗ ಹೇಳಬ್ಯಾಡ್ರಿ, ಫೋನ್ ಹಚ್ಚಿ "ಕಾಕಾ, ನಿಮ್ಮ ಅನುಭವ ಹುಡುಗ್ರಿಗೆ ಬೇಕ್ರಿ, ಬೈದ್ರ ಕೇಳೂದ ಬಿಡ್ತಾರ" ಅನ್ರಿ, ನಾಕ ಮಂದಿ ಮುಂದ ಮಾನ ಹೋತಂದ್ರ ಯಾರೂ ಸುಧಾರಸೂದಿಲ್ಲ. ಫಾರ್ವರ್ಡ್ ಬಂದ್ರ ಅಳಸ್ರಿ, ಯಾರ ಮೆಸೇಜ್ ಆದ್ರೂ ಡಿಲೀಟ್ ಮಾಡೋ ಆಪ್ಷನ್ ಅಡ್ಮಿನ್‌ಗೆ ಐತಿ. ಅಡ್ಮಿನ್ ಅಷ್ಟೇ ಬರಿಯೋ ಸೆಟ್ಟಿಂಗ್ ಮಾತ್ರ ಹಾಕಬ್ಯಾಡ್ರಿ, ಪ್ರಶ್ನೆ ಕೇಳೂದ ನಿಂತ್ರ ಗ್ರೂಪ್ ಯಾಕ ಬೇಕು.

ಜಮಖಂಡಿ ವಕೀಲೆ:
ಕೇಸ್ ಬಗ್ಗೆ ಹೇಳ್ತೀನ್ರಿ. 2021ರಾಗ ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ, 2022ರಾಗ ಕೇರಳ ಹೈಕೋರ್ಟ್, ಬ್ಯಾರೆಯವ್ರು ಹಾಕಿದ್ದಕ್ಕ ಬರೇ ಅಡ್ಮಿನ್ ಅನ್ನೂ ಕಾರಣಕ್ಕ ಹೊಣೆ ಬರೂದಿಲ್ಲ ಅಂತ ಹೇಳ್ಯಾವ. ಹಂಗಂತ ಗೊತ್ತಿದ್ದೂ ಸುಮ್ಮ ಕುಂದ್ರಬ್ಯಾಡ್ರಿ, ಕೆಟ್ಟದ್ದು ಕಂಡ ಕೂಡ್ಲೆ ತಗದು ಯಾಕ ತಗದೆ ಅಂತ ಒಂದ ಸಾಲು ಬರೀರಿ.

ತಿಕೋಟಾ ದ್ರಾಕ್ಷಿ:
ಸಂಜೀಕ ಕಾಕಾಗ ಫೋನ್ ಮಾಡ್ತೀನ್ರಿ. ಆ ಹುಡುಗನ್ನೂ ವಾಪಸ್ ಕರೀತೀನಿ, ಅಂವನ ತ್ವಾಟದಾಗ ರೋಗ ಇನ್ನೂ ಅದ.