ಅಲ್ಲದ ಸೋಡಾ: ಮೊದಲ ಸಲ ಗ್ಯಾಸೇ ಇಲ್ಲ, ಮೂರನೇ ಸಲ ಬಾಟ್ಲಿನೇ ಒಡೆಯಿತು

ಸಂಜೆ_ಮಾಳಿಗೆ, ಹುಬ್ಬಳ್ಳಿ | ಶನಿವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಆದರೂ ಕತೆ ಪೂರ್ತಿ ಹೇಳಿಬಿಡುತ್ತೇನೆ.

ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಎಂಟೂವರೆ ಆಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಒಳಗೆ ಕೂರಲು ಆಗಲ್ಲ. ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಒಂದು ಗ್ಲಾಸ್ ತಣ್ಣಗೆ ಕುಡಿದರೆ ತಲೆ ಹಗುರ ಆಗುತ್ತದೆ. ಅಂಗಡಿ ಸೋಡಾ ಸಾಕಾಗಿತ್ತು. ಅಲ್ಲ ಹುಳಿ ಬರಿಸಿ ಮನೆಯಲ್ಲೇ ಸೋಡಾ ಮಾಡಬಹುದು ಅಂತ ಗೊತ್ತಾಗಿ ಶುರು ಮಾಡಿದೆ. (ನಮ್ಮ ಕಡೆ ಅಲ್ಲ ಅಂದರೆ ಹಸಿಶುಂಠಿ. ಬೆಂಗಳೂರಿನವರು "ಅದು ಅಲ್ಲ ಅಂದ್ರೆ ಮತ್ತೇನು?" ಅಂತ ಕೇಳಬೇಡಿ, ಆಫೀಸಿನಲ್ಲಿ ಕೇಳಿ ಕೇಳಿ ಸಾಕಾಗಿದೆ.)

ಮೊದಲ ಸಲ: ಸಿಪ್ಪೆ ತೆಗೆದು ತುರಿದ ಅಲ್ಲ, ಸಕ್ಕರೆ, ನಲ್ಲಿ ನೀರು. ಗಾಜಿನ ಭರಣಿಯಲ್ಲಿ ಹಾಕಿ ದಿನಾ ಒಂದೊಂದು ಚಮಚ ಅಲ್ಲ, ಸಕ್ಕರೆ ಸೇರಿಸಿದೆ. ಎಂಟು ದಿನ ಕಳೆದರೂ ಒಂದು ಗುಳ್ಳೆ ಬರಲಿಲ್ಲ. ಚೆಲ್ಲಿದೆ.

ಎರಡನೇ ಸಲ: ಬೇಜಾರಿನಲ್ಲಿ ಸಿಪ್ಪೆ ಕೂಡ ತೆಗೆಯಲಿಲ್ಲ. ನಾಲ್ಕನೇ ದಿನಕ್ಕೆ ಭರಣಿಯಲ್ಲಿ ಬುರುಗು! ಖುಷಿಯಾಗಿ ಸೋಡಾ ಮಾಡಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಸಕ್ಕರೆ ಬದಲು ಶುಗರ್‌ಫ್ರೀ ಪುಡಿ ಹಾಕಿದೆ. ಮೂರು ದಿನ ಇಟ್ಟರೂ ಬರೀ ಸಿಹಿ ನೀರು.

ಮೂರನೇ ಸಲ: ಅದೇ ಭರಣಿಯ ರಸ ಅರ್ಧ ಕಪ್, ಒಂದು ಲೀಟರ್ ನೀರು, 100 ಗ್ರಾಂ ಸಕ್ಕರೆ, ಎರಡು ಲಿಂಬೆಹಣ್ಣು. ಒಂದು ಹಳೇ ಸ್ಕ್ವಾಶ್ ಬಾಟ್ಲಿ, ಒಂದು ಖಾಲಿ ರಮ್ ಬಾಟ್ಲಿ, ಎರಡಕ್ಕೂ ತುಂಬಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಗದಗಿಗೆ ಮದುವೆಗೆ ಹೋದೆವು. ಎರಡು ದಿನ ಬಿಟ್ಟು ಈಗ ಬಂದು ನೋಡಿದರೆ ಸ್ಕ್ವಾಶ್ ಬಾಟ್ಲಿ ಚೂರುಚೂರು. ಕಟ್ಟೆಯೆಲ್ಲ ಅಂಟು, ಇರುವೆ ಸಾಲು, ಗಾಜಿನ ಚೂರು ಸಾಸಿವೆ ಡಬ್ಬಿ ಹಿಂದೆ ತನಕ ಹಾರಿದೆ.

ರಮ್ ಬಾಟ್ಲಿ ಮಾತ್ರ ಹಾಗೇ ನಿಂತಿದೆ. ಮುಟ್ಟಲು ಭಯ. ಏನು ಮಾಡಲಿ?

ಗೋಲಿ_ಸೋಡಾ, ಧಾರವಾಡ | ಶನಿವಾರ ರಾತ್ರಿ 10:32

ಉಳಿದ ಮಾತು ಆಮೇಲೆ. ಮೊದಲು ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ.

ಬೈಕ್ ಹೆಲ್ಮೆಟ್ ಹಾಕಿಕೊಳ್ಳಿ, ಮುಂದಿನ ಗ್ಲಾಸ್ ಕೆಳಗೆ ಎಳೆದುಕೊಳ್ಳಿ. ತಮಾಷೆ ಅಲ್ಲ. ತುಂಬು ತೋಳಿನ ದಪ್ಪ ಅಂಗಿ ಇರಲಿ, ಕೈಗೆ ದಪ್ಪ ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು. ದಪ್ಪ ಟವೆಲ್ ಎರಡು ಮಡಿಕೆ ಮಾಡಿ ಬಾಟ್ಲಿ ಮೇಲೆ ಹೊದಿಸಿ. ಅಲುಗಾಡಿಸದೆ, ಟವೆಲ್ ಸಮೇತ ಬಕೆಟ್‌ನಲ್ಲಿ ನಿಲ್ಲಿಸಿ, ಬಕೆಟ್ ಸಮೇತ ಫ್ರಿಜ್‌ನಲ್ಲಿ ಇಡಿ. ಜಾಗ ಇಲ್ಲದಿದ್ದರೆ ಒಂದು ತಟ್ಟೆ ತೆಗೆಯಿರಿ. ತಣ್ಣಗಾದರೆ ಗ್ಯಾಸ್ ನೀರಿನೊಳಗೆ ಕರಗಿ ಒತ್ತಡ ಇಳಿಯುತ್ತದೆ. ರಾತ್ರಿಯೆಲ್ಲ ಅಲ್ಲೇ ಇರಲಿ. ಬೆಳಿಗ್ಗೆ ಮತ್ತೆ ಹೆಲ್ಮೆಟ್, ಮತ್ತೆ ಟವೆಲ್. ಸಿಂಕ್‌ನಲ್ಲಿ ಇಟ್ಟು, ಮುಚ್ಚಳವನ್ನು ಕೂದಲೆಳೆಯಷ್ಟು ಮಾತ್ರ ತಿರುಗಿಸಿ. ಬುಸ್ ಅನ್ನುವುದು ನಿಲ್ಲುವ ತನಕ ಮುಂದೆ ತಿರುಗಿಸಬೇಡಿ.

ಒಡೆದ ಜಾಗದ ಸುತ್ತ ತೆರೆದಿಟ್ಟ ಪದಾರ್ಥ ಏನಿದ್ದರೂ ಎಸೆಯಿರಿ.

ಸಂಜೆ_ಮಾಳಿಗೆ | ಭಾನುವಾರ ಬೆಳಿಗ್ಗೆ 7:50

ಹೆಲ್ಮೆಟ್ ಹಾಕಿಕೊಂಡು ಅಡುಗೆಮನೆಗೆ ಹೋದೆ. ಹೆಂಡತಿ ನಗುವುದು ಇನ್ನೂ ನಿಂತಿಲ್ಲ. ಆದರೆ ಬಾಟ್ಲಿ ಸುರಕ್ಷಿತವಾಗಿ ತೆರೆಯಿತು. ಅರ್ಧ ನಿಮಿಷ ಬುಸ್ ಅಂದಿತು, ಕಾಲು ಭಾಗ ನೊರೆಯಾಗಿ ಟವೆಲ್‌ಗೇ ಹೋಯಿತು. ಉಳಿದದ್ದು ರುಚಿ ನೋಡಿದೆ. ಸಿಹಿ ತುಂಬಾ ಕಮ್ಮಿಯಾಗಿದೆ, ಹುಳಿ, ಸ್ವಲ್ಪ ಬೀರ್ ವಾಸನೆ.

ಬ್ಯಾಡಗಿ_ಖಾರ, ಹಾವೇರಿ | ಭಾನುವಾರ ಬೆಳಿಗ್ಗೆ 9:10

ಇಷ್ಟೆಲ್ಲ ಯಾಕೆ ರೀ? ಲಿಂಬೆ ಶರಬತ್ತಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಗ್ಯಾಸ್ ತಾನೇ ಬರುತ್ತದೆ.

ಗೋಲಿ_ಸೋಡಾ | ಭಾನುವಾರ ಬೆಳಿಗ್ಗೆ 9:25

ಬರುತ್ತದೆ, ಒಂದು ನಿಮಿಷಕ್ಕೆ ಹೋಗುತ್ತದೆ. ಲಿಂಬೆಯ ಹುಳಿಯನ್ನೂ ಜೊತೆಗೆ ತಿಂದು ಹಾಕುತ್ತದೆ. ಉಳಿಯುವುದು ಸೋಪಿನಂಥ ಉಪ್ಪು ರುಚಿ. ದಯವಿಟ್ಟು ಅದನ್ನು ಬಾಟ್ಲಿಗೆ ಹಾಕಿ ಮುಚ್ಚಳ ಮಾತ್ರ ಹಾಕಬೇಡಿ, ಇನ್ನೊಂದು ಹೆಲ್ಮೆಟ್ ಕತೆ ಆಗುತ್ತದೆ.

ಮಾಳಿಗೆಯವರೇ, ಒಂದೆರಡು ಪ್ರಶ್ನೆ. ಮೊದಲ ಸಲದ ನೀರು ಯಾವತ್ತಿನದು? ನಲ್ಲಿ ಬಂದ ದಿನವೇ ಹಿಡಿದದ್ದಾ? ಎರಡನೇ ಸಲ?

ಸಂಜೆ_ಮಾಳಿಗೆ | ಭಾನುವಾರ ಬೆಳಿಗ್ಗೆ 9:48

ಅರೆ, ಅದು ತಲೆಗೇ ಹೊಳೆದಿರಲಿಲ್ಲ. ಮೊದಲ ಸಲ ನೀರು ಬಂದ ದಿನವೇ ಹಿಡಿದದ್ದು, ಬ್ಲೀಚಿಂಗ್ ಪುಡಿ ವಾಸನೆ ಇತ್ತು. ಎರಡನೇ ಸಲ ಡ್ರಮ್‌ನಲ್ಲಿ ಐದು ದಿನ ನಿಂತ ನೀರು. ನಮ್ಮ ಓಣಿಯಲ್ಲಿ ದಿನಾ ನೀರು ಬರಲ್ಲ, ನಿಮಗೆ ಗೊತ್ತಲ್ಲ.

ಗೋಲಿ_ಸೋಡಾ | ಭಾನುವಾರ ಬೆಳಿಗ್ಗೆ 10:40

ಸಿಕ್ಕಿತು. ಈಗ ಮೂರೂ ಸಲದ ಲೆಕ್ಕ ಒಂದೇ ಕಡೆ ಕೂಡುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಆ ಭರಣಿಯಲ್ಲಿ ಇರುವುದನ್ನು ಹೆಪ್ಪು ಅಂತ ತಿಳಿಯಿರಿ, ಮೊಸರಿನ ಹೆಪ್ಪಿನ ಹಾಗೆ. ಅಲ್ಲದ ಸಿಪ್ಪೆ ಮೇಲೆ ಯೀಸ್ಟ್ ಇರುತ್ತದೆ, ಹುಳಿ ಬರಿಸುವ ಬ್ಯಾಕ್ಟೀರಿಯಾ ಕೂಡ. ಸಕ್ಕರೆ ತಿಂದು ಗ್ಯಾಸ್ ಬಿಡುವುದು ಮುಖ್ಯವಾಗಿ ಈ ಯೀಸ್ಟ್. ನೀವು ಮೊದಲ ಸಲ ಸಿಪ್ಪೆ ಎಸೆದಿರಿ, ಅಂದರೆ ಅದರ ಬಹುಪಾಲನ್ನು ಕಸದ ಬುಟ್ಟಿಗೆ ಹಾಕಿದಿರಿ. ಉಳಿದ ಅಷ್ಟಿಷ್ಟರ ಮೇಲೆ ಕ್ಲೋರಿನ್ ನೀರು ಸುರಿದಿರಿ. ಕ್ಲೋರಿನ್ ಇರುವುದೇ ಇಂಥ ಜೀವಿಗಳನ್ನು ಕೊಲ್ಲಲು, ಅದು ಅದರ ಕೆಲಸ ಮಾಡಿದೆ. ಡ್ರಮ್‌ನಲ್ಲಿ ಐದು ದಿನ ನಿಂತ ನೀರಿನಿಂದ ಕ್ಲೋರಿನ್ ಹಾರಿಹೋಗಿರುತ್ತದೆ. ನೀರಿಗೆ ಕಾಯುವ ನಮ್ಮ ಕಷ್ಟ ಇಲ್ಲೊಂದು ಕಡೆ ಉಪಯೋಗಕ್ಕೆ ಬಂತು ನೋಡಿ. ಡ್ರಮ್ ನೀರು ಬೇಡ ಅಂದರೆ ಕುದಿಸಿ, ಪೂರ್ತಿ ಆರಿಸಿ ಹಾಕಿ. ಬಿಸಿ ಇದ್ದಾಗ ಹೆಪ್ಪು ಹಾಕಿದರೆ ಯೀಸ್ಟ್ ಬೆಂದು ಹೋಗುತ್ತದೆ. ಬೆರಳು ಅದ್ದಿದರೆ ಬಿಸಿ ಅನ್ನಿಸಲೇಬಾರದು.

ಎರಡನೇ ಸಲ ಹೆಪ್ಪು ಸರಿಯಿತ್ತು, ಊಟ ಇರಲಿಲ್ಲ. ಶುಗರ್‌ಫ್ರೀ ಪುಡಿ ನಾಲಿಗೆಗೆ ಸಿಹಿ, ಯೀಸ್ಟ್‌ಗೆ ಬರೀ ಪುಡಿ.

ಮೂರನೇ ಸಲದ ಲೆಕ್ಕ ಕೇಳಿ. ಒಂದು ಲೀಟರಿನಲ್ಲಿ ಯೀಸ್ಟ್ ಸುಮಾರು 4 ಗ್ರಾಂ ಸಕ್ಕರೆ ತಿಂದರೆ ಒಂದು ಲೀಟರ್ ಗ್ಯಾಸ್ ಬರುತ್ತದೆ. ಅಂಗಡಿ ತಂಪು ಪಾನೀಯದ ಚುರುಕು ಬೇಕೆಂದರೆ ಲೀಟರಿಗೆ ಮೂರೂವರೆ, ನಾಲ್ಕು ಲೀಟರ್ ಗ್ಯಾಸ್ ಸಾಕು. ಅಂದರೆ 15 ಗ್ರಾಂ ಸಕ್ಕರೆ. ನೀವು ಹಾಕಿದ್ದು 100 ಗ್ರಾಂ! ಉಳಿದ 85 ಗ್ರಾಂ ಸಿಹಿಗೆ ಅಂತ ನಿಮ್ಮ ಲೆಕ್ಕ, ಯೀಸ್ಟ್‌ಗೆ ಅದು ಗೊತ್ತಿಲ್ಲ. ಹುಬ್ಬಳ್ಳಿಯ ಏಪ್ರಿಲ್ ಸೆಕೆಯಲ್ಲಿ ಎರಡು ದಿನ ಬಿಟ್ಟರೆ ತಿನ್ನುತ್ತಲೇ ಇರುತ್ತದೆ. ಅದಕ್ಕೇ ನಿಮ್ಮದು ಸಿಹಿ ಹೋಗಿ ಬೀರ್ ವಾಸನೆ ಬಂದದ್ದು.

ಇನ್ನು ಬಾಟ್ಲಿ. ಸ್ಕ್ವಾಶ್, ರಮ್, ಜೇನು ಬಾಟ್ಲಿಗಳು ಒತ್ತಡ ತಡೆಯಲು ಮಾಡಿದವಲ್ಲ. ಗೋಲಿ ಸೋಡಾ ಬಾಟ್ಲಿ ಅಷ್ಟು ದಪ್ಪ ಇರುವುದು ಶೋಕಿಗಲ್ಲ. ಹಿರಮ್ ಕಾಡ್ ಎಂಬ ಇಂಗ್ಲೆಂಡಿನವನು 1872ರಲ್ಲಿ ಪೇಟೆಂಟ್ ಪಡೆದ ಬಾಟ್ಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲೆ ಒತ್ತಿ ಬಾಯಿ ಮುಚ್ಚುತ್ತದೆ. (ನನ್ನ ಹೆಸರು ಯಾಕೆ ಹೀಗೆ ಅಂತ ಈಗ ಗೊತ್ತಾಯಿತಲ್ಲ.)

ನೀವು ಮಾತ್ರ ಪ್ಲಾಸ್ಟಿಕ್ ಬಾಟ್ಲಿಗೇ ಹೋಗಿ. ಸೋಡಾ ಬಂದ ಖಾಲಿ ಬಾಟ್ಲಿ, ನೀರಿನ ಬಾಟ್ಲಿ ಅಲ್ಲ, ಅದು ತೆಳು. ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿ. ದಿನಕ್ಕೆ ನಾಲ್ಕು ಸಲ ಹೊಟ್ಟೆ ಒತ್ತಿ ನೋಡಿ. ಮೊದಲು ಮೆತ್ತಗೆ ಇರುತ್ತದೆ. ಹೊಸ ಕೂಲ್‌ಡ್ರಿಂಕ್ ಬಾಟ್ಲಿಯಷ್ಟು ಗಟ್ಟಿ ಆದ ಕೂಡಲೇ ಫ್ರಿಜ್‌ಗೆ. ಈ ಸೆಕೆಯಲ್ಲಿ ಒಂದೇ ದಿನಕ್ಕೆ ಆಗಬಹುದು, ಡಿಸೆಂಬರಿನಲ್ಲಿ ಎರಡು ಮೂರು ದಿನ ಬೇಕು.

ಸಂಜೆ_ಮಾಳಿಗೆ | ಭಾನುವಾರ ಬೆಳಿಗ್ಗೆ 11:05

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಣ್ಣಾ. ಅಪ್ಪನಿಗೆ ಮಾತ್ರ ಇದು ಆಗುವುದೇ ಇಲ್ಲವಾ?

ಗೋಲಿ_ಸೋಡಾ | ಭಾನುವಾರ ಬೆಳಿಗ್ಗೆ 11:20

ಮಾಡುವ ದಾರಿ ಇದೆ, ಅದೇ ಒಳ್ಳೆ ದಾರಿ ಕೂಡ. ಲೀಟರಿಗೆ 20 ಗ್ರಾಂ ಸಕ್ಕರೆ ಮಾತ್ರ ಹಾಕಿ, ಬಹುಪಾಲು ಗ್ಯಾಸ್‌ಗೇ ಹೋಗುತ್ತದೆ. ಮರೆತು ಬಿಟ್ಟರೂ ಬಾಟ್ಲಿ ಮಿತಿ ಮೀರುವಷ್ಟು ಸಕ್ಕರೆ ಅದರಲ್ಲಿ ಇರಲ್ಲ. ಸಿಹಿಗೆ ಆ ಶುಗರ್‌ಫ್ರೀ ಪುಡಿಯನ್ನು ಗ್ಲಾಸಿನಲ್ಲಿ ಕಲಸಿ. ಆದರೆ ಗ್ಯಾಸಿನ ಜೊತೆ ಆಲ್ಕೋಹಾಲ್ ಕೂಡ ಹುಟ್ಟುತ್ತದೆ. ಈ ಅಳತೆಯಲ್ಲಿ ಶೇ 1ರ ಆಸುಪಾಸು ತಲುಪಬಹುದು. ಅಪ್ಪ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಮಕ್ಕಳಿಗೆ ಬೇಡ.

ಕಪ್ಪತಗುಡ್ಡ_ಗಾಳಿ, ಗದಗ | ಭಾನುವಾರ ಮಧ್ಯಾಹ್ನ 1:05

ನನ್ನ ಭರಣಿಯ ತಳದಲ್ಲಿ ಬಿಳಿ ಪುಡಿ ಕೂತಿದೆ. ಕೆಟ್ಟಿತಾ?

ಗೋಲಿ_ಸೋಡಾ | ಭಾನುವಾರ ಮಧ್ಯಾಹ್ನ 1:30

ಇಲ್ಲ ಅಕ್ಕಾ/ಅಣ್ಣಾ, ಅದು ಯೀಸ್ಟ್. ಮೇಲೆ ಹತ್ತಿಯಂಥ ಬೂಷ್ಟು, ಹಸಿರೋ ಕಪ್ಪೋ ಬಂದರೆ ಮಾತ್ರ ಭರಣಿ ಪೂರ್ತಿ ಚೆಲ್ಲಿ. ಮೇಲಿಂದ ತೆಗೆದು ಉಳಿದದ್ದು ಬಳಸುವ ಜಿಪುಣತನ ಬೇಡ.

ಸಂಜೆ_ಮಾಳಿಗೆ | ಮುಂದಿನ ಶನಿವಾರ ರಾತ್ರಿ 9:35

ಅಪ್‌ಡೇಟ್. ದುರ್ಗದಬೈಲ್‌ನಲ್ಲಿ ಮಣ್ಣು ಮೆತ್ತಿದ ಅಲ್ಲವನ್ನೇ ಆರಿಸಿ ತಂದೆ. ತಕ್ಕಡಿಯವನು "ತೊಳೆದದ್ದು ಇದೆಯಲ್ಲ ಸರ" ಅಂತ ವಿಚಿತ್ರವಾಗಿ ನೋಡಿದ. ಮೆತ್ತಗೆ ತೊಳೆದು ಸಿಪ್ಪೆ ಸಮೇತ ತುರಿದೆ. ಡ್ರಮ್ ನೀರು. ಐದನೇ ದಿನ ಭರಣಿಗೆ ಕಿವಿ ಕೊಟ್ಟರೆ ಚಿರಿಚಿರಿ ಸದ್ದು. ನಿನ್ನೆ ಕೆಲಸದಿಂದ ಬಂದು ಬಾಟ್ಲಿ ತುಂಬಿದೆ. ರಾತ್ರಿ ಮೆತ್ತಗಿತ್ತು, ಬೆಳಿಗ್ಗೆ ಸ್ವಲ್ಪ ಬಿಗಿ, ಮಧ್ಯಾಹ್ನ ಎರಡಕ್ಕೆ ಕಲ್ಲು. ಫ್ರಿಜ್‌ಗೆ ಹಾಕಿ ಈಗ ತೆಗೆದೆವು. ನೊರೆ ಉಕ್ಕಲಿಲ್ಲ, ಗ್ಲಾಸಿನ ಅಂಚಿಗೆ ಸಣ್ಣ ಗುಳ್ಳೆ ಸಾಲು ಹತ್ತಿತು. ಗಂಟಲಿಗೆ ಅಲ್ಲದ ಖಾರ ನಿಧಾನಕ್ಕೆ ಇಳಿಯುತ್ತದೆ. ಡಾಕ್ಟರು ಅರ್ಧ ಗ್ಲಾಸ್ ಅಂದರು, ಅಪ್ಪ ಅದನ್ನು ತುಂಬು ಗ್ಲಾಸಿನ ಅರ್ಧವೋ ಚೊಂಬಿನ ಅರ್ಧವೋ ಅಂತ ವಾದ ಮಾಡುತ್ತಿದ್ದಾರೆ.

ಇದಕ್ಕೆ ರಮ್ ಸೇರಿಸಬಹುದಾ? ನನಗೆ, ಅಪ್ಪನಿಗಲ್ಲ.

ಗೋಲಿ_ಸೋಡಾ | ಶನಿವಾರ ರಾತ್ರಿ 9:50

ಗ್ಲಾಸಿನಲ್ಲಿ ಸೇರಿಸಿ, ಬಾಟ್ಲಿಯಲ್ಲಿ ಬೇಡ. ಗ್ಲಾಸ್ ತುಂಬ ಐಸ್, ಅರ್ಧ ಲಿಂಬೆ ಹಿಂಡಿ, ಕಪ್ಪು ರಮ್ ಒಂದೂವರೆ ಸ್ಮಾಲ್, ಅಂದರೆ 45 ಎಂಎಲ್. ಮೇಲೆ ಈ ಸೋಡಾ 120 ಎಂಎಲ್ ಮೆಲ್ಲಗೆ ಸುರಿಯಿರಿ. ಚಮಚ ಒಂದೇ ಸುತ್ತು, ಜಾಸ್ತಿ ತಿರುಗಿಸಿದರೆ ಇಷ್ಟು ದಿನದ ಕಷ್ಟ ಗಾಳಿಗೆ. ಕುಡಿಯದವರಿಗೆ ರಮ್ ಬದಲು ಮುರುಗಲು ರಸ ಎರಡು ಚಮಚ, ಚಿಟಿಕೆ ಸೈಂಧವ ಉಪ್ಪು. ನನ್ನನ್ನು ಕೇಳಿದರೆ ಅದೇ ರುಚಿ ಜಾಸ್ತಿ.

ಬ್ಯಾಡಗಿ_ಖಾರ | ಶನಿವಾರ ರಾತ್ರಿ 10:02

ಅಡುಗೆ ಸೋಡಾ ಮಾತು ವಾಪಸ್ ತಗೊಂಡೆ. ಬದಲಿಗೆ ಇದು ತಗೊಳ್ಳಿ: ಗ್ಲಾಸಿನ ಅಂಚಿಗೆ ಲಿಂಬೆ ಸವರಿ, ಉಪ್ಪು ಮತ್ತು ಬ್ಯಾಡಗಿ ಮೆಣಸಿನಪುಡಿ ಬೆರೆಸಿದ ತಟ್ಟೆಯಲ್ಲಿ ಬೋರಲು ಒತ್ತಿ. ಬಣ್ಣ ಕೆಂಪಗೆ, ಖಾರ ಅಷ್ಟಿಲ್ಲ. ಗುಂಟೂರು ಪುಡಿ ಹಾಕಿ ಆಮೇಲೆ ನನ್ನನ್ನು ಬೈಯಬೇಡಿ.

ಸಂಜೆ_ಮಾಳಿಗೆ | ಶನಿವಾರ ರಾತ್ರಿ 10:40

ಮೆಣಸಿನಪುಡಿ ಅಂಚು ಹೆಂಡತಿಗೆ ಇಷ್ಟವಾಯಿತು. ಜೊತೆಗೆ ಗಿರ್ಮಿಟ್ ಕಲಸಿದ್ದಾಳೆ. ಬಾಟ್ಲಿ ಖಾಲಿ, ಇನ್ನೆರಡಕ್ಕೆ ಹೆಪ್ಪು ಹಾಕಿ ಬಂದೆ, ಈ ಸಲ ಎರಡೂ ಪ್ಲಾಸ್ಟಿಕ್. ಪ್ರಶ್ನೆ ಮುಗಿಯಿತು, ಹೆಲ್ಮೆಟ್ ಬೈಕಿಗೆ ವಾಪಸ್ ಹೋಗಿದೆ.